ಕಣಿವೆ ದಾಟಿ ಬಂದ ನೀರು

ಬೆಳಗಾಯಿತು. ಮನೆಯಲ್ಲಿ ಮೊದಲು ಬೇಕಾಗೋದು ಏನು? ನೀರು.

ಮುಖ ತೊಳೆಯಲು ನೀರು. ಒಲೆಯ ಮೇಲಿಡಲು ನೀರು. ದನಕ್ಕೆ ನೀರು. ಮಗುವಿಗೆ ಬಾಯಾರಿದರೆ ನೀರು.

ಈ ನೀರನ್ನು ತರುವವರು ಯಾರು? ಹೆಚ್ಚಿನ ಮನೆಗಳಲ್ಲಿ ಹೆಂಗಸರೇ. ತಲೆಯ ಮೇಲೊಂದು ಕೊಡ, ಸೊಂಟದ ಮೇಲೊಂದು ಕೊಡ. ಬಾವಿಯ ಹತ್ತಿರ ಸಾಲು. ನಲ್ಲಿಯ ಹತ್ತಿರ ಸಾಲು. ಸಾಲಿನಲ್ಲಿ ಜಗಳ. ಇದೆಲ್ಲ ನಿಮಗೆ ಗೊತ್ತೇ ಇದೆ.

ಈ ಕಷ್ಟ ನಮ್ಮ ಊರಿಗೆ ಮಾತ್ರ ಬಂದದ್ದಲ್ಲ. ದೂರ ದೇಶದ ದೊಡ್ಡ ಪಟ್ಟಣಗಳಲ್ಲೂ ಇತ್ತು. ಅಂಥ ಒಂದು ಪಟ್ಟಣದ ಕಥೆ ಇಲ್ಲಿದೆ. ಅಲ್ಲಿನ ಜನ ಕಲ್ಲಿನ ಕಮಾನು ಕಟ್ಟಿ, ಆಳವಾದ ಕಣಿವೆಯ ಮೇಲಿಂದ ಕುಡಿಯುವ ನೀರು ತಂದರು. ಇದು ಕಟ್ಟುಕಥೆಯಲ್ಲ. ನಡೆದದ್ದು. ಆ ಕಮಾನುಗಳು ಈಗಲೂ ನಿಂತಿವೆ.

ಯಾವ ಪಟ್ಟಣ ಅದು?

ಅದರ ಹೆಸರು ಲಿಸ್ಬನ್. ಪೋರ್ಚುಗಲ್ ದೇಶದ ರಾಜಧಾನಿ. ಯುರೋಪ್ ಖಂಡದ ಪಶ್ಚಿಮದ ಅಂಚಿನಲ್ಲಿದೆ.

ಪೋರ್ಚುಗಲ್ಲಿನವರು ನಮಗೆ ಹೊಸಬರಲ್ಲ. ನಮ್ಮ ರಾಜ್ಯದ ಪಕ್ಕದಲ್ಲೇ ಗೋವಾ ಇದೆಯಲ್ಲ, ಅದನ್ನು 1961ರವರೆಗೆ ಆಳಿದವರು ಅವರೇ. ಅವರಿಗೆ ನಾವು ಪೋರ್ಚುಗೀಸರು ಅನ್ನುತ್ತೇವೆ. ಹಿಂದೆ ಕೃಷ್ಣದೇವರಾಯನ ಕಾಲದಲ್ಲಿ ಅವರಲ್ಲಿ ಕೆಲವರು ವಿಜಯನಗರಕ್ಕೂ ಬಂದಿದ್ದರು. ಅಲ್ಲಿನ ಬೀದಿ, ಪೇಟೆ, ಕೆರೆ ಎಲ್ಲ ನೋಡಿ ಬರೆದಿಟ್ಟಿದ್ದಾರೆ.

ಲಿಸ್ಬನ್ ಗುಡ್ಡಗಳ ಮೇಲಿನ ಪಟ್ಟಣ. ಪಕ್ಕದಲ್ಲೇ ಟೇಗಸ್ ಅನ್ನೋ ದೊಡ್ಡ ನದಿ. "ನದಿ ಇದ್ದ ಮೇಲೆ ನೀರಿಗೇನು ಬರ?" ಅಂತ ನೀವು ಕೇಳಬಹುದು.

ಕೇಳಬೇಕಾದ ಮಾತೇ. ಆದರೆ ಲಿಸ್ಬನ್ ಇರುವುದು ನದಿ ಸಮುದ್ರ ಸೇರುವ ಜಾಗದ ಹತ್ತಿರ. ಸಮುದ್ರ ಉಕ್ಕಿದಾಗ ಉಪ್ಪುನೀರು ನದಿಯೊಳಗೆ ನುಗ್ಗುತ್ತದೆ. ನದಿಯ ನೀರು ಉಪ್ಪಾಗುತ್ತದೆ. ಕುಡಿಯಲು ಬರುವುದಿಲ್ಲ. ನಮ್ಮ ಕರಾವಳಿಯ ಅಕ್ಕಂದಿರಿಗೆ ಇದು ಚೆನ್ನಾಗಿ ಗೊತ್ತು. ಕಣ್ಣ ಮುಂದೆ ಹೊಳೆ ತುಂಬಾ ನೀರು. ಬಾಯಿಗೆ ಹಾಕಲು ಒಂದು ಹನಿ ಇಲ್ಲ.

ಒಂದು ಕಟ್ಟೆ, ಆರು ಬಾಯಿ

ಪಟ್ಟಣದ ಪೂರ್ವಕ್ಕೆ ಕೆಲವು ಊಟೆಗಳಿದ್ದವು. ಊಟೆ ಅಂದರೆ ನೆಲದಿಂದ ತಾನೇ ಉಕ್ಕುವ ನೀರು. ಆ ನೀರಿಗೆ ಕಲ್ಲಿನ ನಲ್ಲಿಕಟ್ಟೆಗಳನ್ನು ಕಟ್ಟಿದ್ದರು. ಅವುಗಳಲ್ಲಿ ಒಂದರ ಹೆಸರು ರಾಜನ ಕಟ್ಟೆ. ಅದಕ್ಕೆ ಆರು ಬಾಯಿ. ಆರೂ ಬಾಯಿಗಳಿಂದ ನೀರು ಬೀಳುತ್ತಿತ್ತು.

ಜನ ಹೆಚ್ಚು. ನೀರು ಕಡಿಮೆ. ದಿನವೂ ಜಗಳ, ಹೊಡೆದಾಟ. 1551ರಲ್ಲಿ ಪಟ್ಟಣದ ಆಡಳಿತದವರು ಒಂದು ನಿಯಮ ಮಾಡಿದರು. ಏನು ನಿಯಮ? ಆರು ಬಾಯಿಗಳನ್ನು ಜನರ ಬಣ್ಣ ನೋಡಿ ಹಂಚಿದರು. ಬಿಳಿಯ ಗಂಡಸರಿಗೆ ಬೇರೆ ಬಾಯಿ. ಬಿಳಿಯ ಹೆಂಗಸರಿಗೆ ಬೇರೆ. ಕಪ್ಪು ಗಂಡಸರಿಗೆ ಬೇರೆ. ಕಪ್ಪು ಹೆಂಗಸರಿಗೆ ಬೇರೆ. ಒಬ್ಬರ ಬಾಯಿಗೆ ಇನ್ನೊಬ್ಬರು ಕೊಡ ಹಿಡಿಯುವ ಹಾಗಿಲ್ಲ.

ಆ ಕಪ್ಪು ಜನರಲ್ಲಿ ಹೆಚ್ಚಿನವರು ಗುಲಾಮರು. ಅವರನ್ನು ಆಫ್ರಿಕಾದಿಂದ ಹಿಡಿದು ತಂದು, ದನಗಳ ಹಾಗೆ ಮಾರುತ್ತಿದ್ದರು. ದೊಡ್ಡ ಮನೆಗಳಿಗೆ ನೀರು ಹೊರುವುದು ಅವರ ಕೆಲಸ.

ನೀರು ಒಂದೇ. ಊಟೆ ಒಂದೇ. ಮುಟ್ಟುವ ಕೈ ಮಾತ್ರ ಬೇರೆ ಬೇರೆ. ಇದನ್ನು ಓದುವಾಗ ನಿಮಗೆ ಏನು ನೆನಪಾಗುತ್ತದೆ? ನಮ್ಮ ಊರಿನ ಬಾವಿಗಳು ನೆನಪಾಗುವುದಿಲ್ಲವೇ? ಎಲ್ಲಿ ನೀರಿಗೆ ಕೊರತೆಯೋ ಅಲ್ಲಿ ಬಲ ಇದ್ದವರು ಮೊದಲು. ಬಲ ಇಲ್ಲದವರು ಹಿಂದೆ.

ನೀರು ಎಲ್ಲಿಂದ ತರೋದು?

ಪಟ್ಟಣದ ವಾಯುವ್ಯ ದಿಕ್ಕಿಗೆ ಬೆಲಾಸ್ ಅನ್ನೋ ಊರಿದೆ. ಅಲ್ಲಿನ ಗುಡ್ಡಗಳಲ್ಲಿ ಒಳ್ಳೆಯ ಊಟೆಗಳಿದ್ದವು. ಆ ನೀರಿಗೆ ಜನ "ಆಗ್ವಾಸ್ ಲಿವ್ರೆಸ್" ಅನ್ನುತ್ತಿದ್ದರು. ಹಾಗೆಂದರೆ "ಸ್ವತಂತ್ರ ನೀರು". ಯಾರ ಹಂಗೂ ಇಲ್ಲದೆ ತಾನೇ ಹರಿಯುವ ನೀರು.

ಬಹಳ ಹಿಂದೆ ರೋಮನ್ನರು ಆ ದೇಶವನ್ನು ಆಳಿದ್ದರು. ಅವರೇ ಅಲ್ಲಿ ಒಂದು ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದರು. ಅದರ ಹಾಳುಗೋಡೆ ಉಳಿದಿತ್ತು. 1571ರಲ್ಲಿ ಫ್ರಾನ್ಸಿಸ್ಕೊ ದ ಒಲಾಂಡ ಎಂಬ ಕಲಾವಿದ ರಾಜನಿಗೆ ಒಂದು ಪುಸ್ತಕ ಬರೆದು ಕೊಟ್ಟ. "ಅಲ್ಲಿನ ನೀರನ್ನು ಪಟ್ಟಣಕ್ಕೆ ತರಬೇಕು" ಎಂದು ಅದರಲ್ಲಿ ಹೇಳಿದ್ದ.

ರಾಜ ತಂದನೇ? ಇಲ್ಲ. ಆ ರಾಜ ಹೋದ. ಮತ್ತೊಬ್ಬ ಬಂದ. ಅವನೂ ಹೋದ. ಹೀಗೇ 150 ವರ್ಷ ಕಳೆಯಿತು. ಮಾತು ಮಾತಾಗಿಯೇ ಉಳಿಯಿತು. ಜನ ಸಾಲಿನಲ್ಲಿ ನಿಂತೇ ಇದ್ದರು.

ದುಡ್ಡು ಕೊಟ್ಟವರು ಯಾರು?

1706ರಲ್ಲಿ ಐದನೆಯ ಜೋವಾನ್ ಎಂಬವನು ರಾಜನಾದ. ಅವನ ಕಾಲದಲ್ಲಿ ಪೋರ್ಚುಗಲ್ಲಿಗೆ ಹಡಗು ಹಡಗು ಚಿನ್ನ ಬರುತ್ತಿತ್ತು. ಎಲ್ಲಿಂದ? ಸಮುದ್ರದಾಚೆಯ ಬ್ರೆಜಿಲ್ ದೇಶದಿಂದ. ಆಗ ಬ್ರೆಜಿಲ್ ಕೂಡ ಪೋರ್ಚುಗೀಸರ ಕೈಯಲ್ಲಿತ್ತು. ಅಲ್ಲಿ ಗುಲಾಮರು ಚಿನ್ನದ ಗಣಿಯಲ್ಲಿ ದುಡಿಯುತ್ತಿದ್ದರು.

ಆ ಚಿನ್ನದಿಂದ ರಾಜ ಏನು ಮಾಡಿಸಿದ? ಮಾಫ್ರ ಅನ್ನೋ ಊರಿನಲ್ಲಿ ಭಾರಿ ಅರಮನೆ, ಭಾರಿ ಮಠ ಕಟ್ಟಿಸಿದ. 1717ರಲ್ಲಿ ಅದರ ಕೆಲಸ ಶುರುವಾಯಿತು. ಅದಕ್ಕೆ ಹಣ ನೀರಿನ ಹಾಗೆ ಹರಿಯಿತು. ಆದರೆ ನೀರಿಗೆ?

ನೀರಿಗೆ ಜನರೇ ಹಣ ಕೊಡಬೇಕಾಯಿತು. ಹೇಗೆ? ತೆರಿಗೆಯ ಮೂಲಕ. ಮಾಂಸ, ಆಲಿವ್ ಎಣ್ಣೆ, ದ್ರಾಕ್ಷಿಯ ಮದ್ಯ ಇವುಗಳ ಮೇಲೆ ತೆರಿಗೆ ಹಾಕಿದರು. ಇವೆಲ್ಲ ಅಲ್ಲಿನ ಜನರ ದಿನದ ಊಟದ ಪದಾರ್ಥಗಳು. ನಮ್ಮ ಬೇಳೆ, ಎಣ್ಣೆ ಇದ್ದ ಹಾಗೆ.

ಇಂಥ ತೆರಿಗೆಯ ಗುಟ್ಟು ಏನು ಗೊತ್ತಾ? ಅದು ಕಣ್ಣಿಗೆ ಕಾಣೋದಿಲ್ಲ. ಯಾರೂ ಮನೆಗೆ ಬಂದು ಕೇಳೋದಿಲ್ಲ. ಅಂಗಡಿಯಲ್ಲಿ ಸಾಮಾನಿನ ಬೆಲೆಯಲ್ಲೇ ಸೇರಿರುತ್ತದೆ. ಸಾಹುಕಾರ ಒಂದು ಅಳತೆ ಎಣ್ಣೆಗೆ ಎಷ್ಟು ತೆರಿಗೆ ಕೊಡುತ್ತಾನೋ, ಕೂಲಿಯ ಹೆಂಗಸೂ ಒಂದು ಅಳತೆ ಎಣ್ಣೆಗೆ ಅಷ್ಟೇ ಕೊಡಬೇಕು. ನಾವೂ ಅಷ್ಟೇ. ಸೋಪು ಕೊಂಡರೂ ತೆರಿಗೆ ಕೊಟ್ಟಿರುತ್ತೇವೆ. "ನಾನು ಸರ್ಕಾರಕ್ಕೆ ಏನೂ ಕೊಟ್ಟಿಲ್ಲ" ಅಂತ ಯಾರೂ ಹೇಳುವ ಹಾಗಿಲ್ಲ.

ಹೀಗೆ ಎಣ್ಣೆ ಕೊಂಡ ಪ್ರತಿ ಹೆಂಗಸೂ ಆ ಕೆಲಸಕ್ಕೆ ಒಂದು ಕಲ್ಲು ಕೊಟ್ಟ ಹಾಗಾಯಿತು. ಇದನ್ನು ನೆನಪಿಡಿ. ಮುಂದೆ ಈ ಮಾತು ಮತ್ತೆ ಬರುತ್ತದೆ.

1731ರಲ್ಲಿ ರಾಜನ ಅಪ್ಪಣೆ ಆಯಿತು. ಕೆಲಸ ಶುರುವಾಯಿತು.

ಪಂಪು ಇಲ್ಲದೆ ನೀರು ಬಂದದ್ದು ಹೇಗೆ?

ಆಗ ವಿದ್ಯುತ್ ಇರಲಿಲ್ಲ. ಕರೆಂಟಿನ ಪಂಪು ಇರಲಿಲ್ಲ. ಹಾಗಾದರೆ 14 ಕಿಲೋಮೀಟರ್ ದೂರದಿಂದ ನೀರನ್ನು ತಂದದ್ದು ಹೇಗೆ?

ಉತ್ತರ ಸುಲಭ. ನೀರು ಇಳಿಜಾರಿನಲ್ಲಿ ತಾನೇ ಹರಿಯುತ್ತದೆ. ಗದ್ದೆಗೆ ನೀರು ಕಟ್ಟುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಊಟೆಗಳು ಎತ್ತರದಲ್ಲಿದ್ದವು. ಪಟ್ಟಣ ಅದಕ್ಕಿಂತ ತಗ್ಗಿನಲ್ಲಿತ್ತು. ನಡುವೆ ಒಂದೇ ಸಮನಾಗಿ ಇಳಿಯುವ ಕಾಲುವೆ ಇದ್ದರೆ ಆಯಿತು.

ಹೇಳುವುದು ಸುಲಭ. ಮಾಡುವುದು ಕಷ್ಟ. ಇಳಿಜಾರು ಹೆಚ್ಚಾದರೆ ನೀರು ರಭಸದಿಂದ ನುಗ್ಗುತ್ತದೆ. ಕಾಲುವೆಯನ್ನು ಕೊರೆಯುತ್ತದೆ. ಇಳಿಜಾರು ಕಡಿಮೆಯಾದರೆ ನೀರು ನಿಲ್ಲುತ್ತದೆ. ಹೂಳು ತುಂಬುತ್ತದೆ. ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಅಷ್ಟು ದೂರವೂ ಅಳೆದು ಅಳೆದು ಕಟ್ಟಬೇಕು.

ದಾರಿಗೆ ಗುಡ್ಡ ಅಡ್ಡ ಬಂದರೆ ಗುಡ್ಡವನ್ನು ಕೊರೆದರು. ನೆಲದೊಳಗೆ ಸುರಂಗ ಮಾಡಿದರು. ತಗ್ಗು ಬಂದರೆ ಕಮಾನುಗಳನ್ನು ಕಟ್ಟಿ, ಅದರ ಮೇಲೆ ಕಾಲುವೆ ಒಯ್ದರು. ಹೀಗೆ ನೆಲದಿಂದ ಮೇಲೆ ಎತ್ತಿ ಕಟ್ಟಿದ ಕಾಲುವೆಗೆ ಮೇಲ್ಗಾಲುವೆ ಅನ್ನುತ್ತಾರೆ.

ಹಂಪೆಗೆ ಹೋದವರು ಇಂಥದ್ದನ್ನೇ ನೋಡಿರಬಹುದು. ಅಲ್ಲಿ ಅರಮನೆಯ ಆವರಣದಲ್ಲಿ ಕಲ್ಲಿನ ಕಂಬಗಳಿವೆ. ಅವುಗಳ ಮೇಲೆ ಕಲ್ಲಿನ ದೋಣಿಗಳನ್ನು ಸಾಲಾಗಿ ಜೋಡಿಸಿದ್ದಾರೆ. ಅದರಲ್ಲಿ ನೀರು ಹರಿದು ಪುಷ್ಕರಣಿಗೆ ಬರುತ್ತಿತ್ತು. ಹಂಪೆಯದು ಚಿಕ್ಕದು. ಲಿಸ್ಬನ್ನಿನದು ಬಹಳ ದೊಡ್ಡದು. ಆದರೆ ಉಪಾಯ ಒಂದೇ.

ಲಿಸ್ಬನ್ನಿನ ಕಾಲುವೆ ತೆರೆದ ಕಾಲುವೆಯಲ್ಲ. ಅದು ಕಲ್ಲಿನ ಮಾಡು ಇರುವ ಉದ್ದನೆಯ ಓಣಿ. ಓಣಿಯ ಎರಡೂ ಬದಿಗೆ ಕಲ್ಲಿನ ಚಿಕ್ಕ ಕಾಲುವೆಗಳು. ಅವುಗಳಲ್ಲಿ ನೀರು. ನಡುವೆ ಮನುಷ್ಯರು ನಡೆಯಲು ಜಾಗ. ಎರಡು ಕಾಲುವೆ ಇದ್ದರೆ ಒಂದು ಅನುಕೂಲ. ಒಂದನ್ನು ತೊಳೆಯುವಾಗ, ಸರಿ ಮಾಡುವಾಗ, ಇನ್ನೊಂದರಲ್ಲಿ ನೀರು ಬಿಡಬಹುದು. ಮೇಲೆ ಮಾಡು ಇದ್ದದ್ದರಿಂದ ಬಿಸಿಲು, ಧೂಳು, ಎಲೆ, ಹಕ್ಕಿಯ ಹಿಕ್ಕೆ ನೀರಿಗೆ ಬೀಳುತ್ತಿರಲಿಲ್ಲ. ಗಾಳಿ ಬೆಳಕಿಗೆ ಅಲ್ಲಲ್ಲಿ ಚಿಕ್ಕ ಗೋಪುರ ಕಟ್ಟಿ ಕಿಂಡಿ ಇಟ್ಟಿದ್ದರು.

ಕುಡಿಯುವ ನೀರನ್ನು ಮುಚ್ಚಿಡಬೇಕು ಅಂತ ನಾವು ಕಲಿಯುತ್ತೇವಲ್ಲ, ಅದೇ ಮಾತು. ಮನೆಯ ಬಿಂದಿಗೆಗೂ ಮುಚ್ಚಳ ಬೇಕು. ಪಟ್ಟಣದ ಕಾಲುವೆಗೂ ಮುಚ್ಚಳ ಬೇಕು.

ಅಡ್ಡ ಬಂದ ಕಣಿವೆ

ಪಟ್ಟಣ ಇನ್ನೇನು ಹತ್ತಿರ ಬಂತು ಅನ್ನುವಾಗ ಒಂದು ದೊಡ್ಡ ಕಣಿವೆ ಅಡ್ಡ ಬಂತು. ಅಲ್ಕಾಂತರ ಕಣಿವೆ. ಈಚೆಗೆ ಒಂದು ಗುಡ್ಡ. ಆಚೆಗೆ ಒಂದು ಗುಡ್ಡ. ನಡುವೆ ಆಳ. ತಳದಲ್ಲಿ ಒಂದು ಹಳ್ಳ.

ಈಗೇನು ಮಾಡೋದು? ತೆರೆದ ಕಾಲುವೆಯಲ್ಲಿ ಕಣಿವೆಗೆ ಇಳಿದ ನೀರು ಆಚೆ ಗುಡ್ಡವನ್ನು ಹತ್ತಲಾರದು. ಮುಚ್ಚಿದ ಕೊಳವೆಯಲ್ಲಾದರೆ ಹತ್ತಬಲ್ಲದು. ಆದರೆ ಕಣಿವೆಯ ತಳದಲ್ಲಿ ನೀರಿನ ಒತ್ತಡ ಬಹಳ. ಅಷ್ಟು ಒತ್ತಡ ತಡೆಯುವ ದೊಡ್ಡ ಕೊಳವೆ ಮಾಡುವುದು ಆ ಕಾಲದಲ್ಲಿ ಸುಲಭವಾಗಿರಲಿಲ್ಲ. ಅದಕ್ಕೇ ಕಣಿವೆಯ ಮೇಲೆ ಕಲ್ಲಿನ ಕಮಾನುಗಳನ್ನು ಕಟ್ಟಿದರು.

ಈ ಕಮಾನುಗಳನ್ನು ಕಟ್ಟಿಸಿದ ಶಿಲ್ಪಿ ಕುಸ್ತೋದಿಯೊ ವಿಯೇರ. ಇಡೀ ಕಾಲುವೆಯ ಕೆಲಸದಲ್ಲಿ ಮುಖ್ಯನಾಗಿದ್ದ ಇಂಜಿನಿಯರ್ ಮಾನುಯೆಲ್ ದ ಮಾಯ. ಕಲ್ಲು ಕಡಿದವರ, ಹೊತ್ತವರ ಹೆಸರು ಇಂಥ ಕಥೆಗಳಲ್ಲಿ ಬರುವುದಿಲ್ಲ. ಆದರೆ ಅವರ ಕೈಯಿಲ್ಲದೆ ಒಂದು ಕಲ್ಲೂ ಮೇಲೇರುತ್ತಿರಲಿಲ್ಲ.

ಎಷ್ಟು ಕಮಾನು? 35. ಎಷ್ಟು ಉದ್ದ? 941 ಮೀಟರ್. ಅಂದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ನಡೆದರೆ ಕಾಲು ಗಂಟೆಯ ದಾರಿ. ನಡುವಿನ ದೊಡ್ಡ ಕಮಾನಿನ ಎತ್ತರ ಎಷ್ಟು? 65 ಮೀಟರ್. ಮೂರು ಎತ್ತರದ ತೆಂಗಿನ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಎಷ್ಟಾಗುತ್ತೋ ಅಷ್ಟು.

ಕಮಾನು ಬೀಳದೆ ನಿಲ್ಲುವುದು ಹೇಗೆ?

ಮೊದಲು ಮರದಿಂದ ಕಮಾನಿನ ಆಕಾರ ಕಟ್ಟುತ್ತಾರೆ. ಅದರ ಮೇಲೆ ಎರಡೂ ಬದಿಯಿಂದ ಕಲ್ಲು ಜೋಡಿಸುತ್ತಾ ಬರುತ್ತಾರೆ. ಪ್ರತಿ ಕಲ್ಲನ್ನೂ ಒಂದು ಕಡೆ ಅಗಲ, ಒಂದು ಕಡೆ ಕಿರಿದು ಮಾಡಿ ಕೆತ್ತಿರುತ್ತಾರೆ. ನೆತ್ತಿಯಲ್ಲಿ ಕೊನೆಯ ಕಲ್ಲು ಕೂರಿಸುತ್ತಾರೆ. ಆಮೇಲೆ ಮರ ತೆಗೆಯುತ್ತಾರೆ.

ಈಗ ಪ್ರತಿ ಕಲ್ಲೂ ಕೆಳಗೆ ಬೀಳಲು ನೋಡುತ್ತದೆ. ಆದರೆ ಪಕ್ಕದ ಕಲ್ಲು ಬಿಡುವುದಿಲ್ಲ. ಒಂದು ಕಲ್ಲು ಇನ್ನೊಂದನ್ನು ಒತ್ತುತ್ತದೆ. ಒತ್ತಿದಷ್ಟೂ ಗಟ್ಟಿ. ಭಾರ ಎಲ್ಲ ಎರಡು ಬದಿಯ ಕಂಬಗಳಿಗೆ ಇಳಿಯುತ್ತದೆ. ಕಂಬದಿಂದ ಬಂಡೆಗೆ ಇಳಿಯುತ್ತದೆ.

35ರಲ್ಲಿ 21 ಕಮಾನುಗಳ ನೆತ್ತಿ ದುಂಡಗಿದೆ. ಕಣಿವೆಯ ಆಳದಲ್ಲಿರುವ 14 ಕಮಾನುಗಳ ನೆತ್ತಿ ಚೂಪಾಗಿದೆ. ನಮಸ್ಕಾರ ಮಾಡುವಾಗ ಎರಡು ಕೈ ಜೋಡಿಸುತ್ತೇವಲ್ಲ, ಹಾಗೆ. ಚೂಪು ಕಮಾನು ಪಕ್ಕಕ್ಕೆ ತಳ್ಳುವುದು ಕಡಿಮೆ. ಭಾರವನ್ನು ಹೆಚ್ಚಾಗಿ ಕೆಳಕ್ಕೇ ಕಳಿಸುತ್ತದೆ. ಎತ್ತರದ ಕಮಾನಿಗೆ ಅದು ಒಳ್ಳೆಯದು.

ನೀರಿನ ತಾಯಿ

1748ರಲ್ಲಿ ನೀರು ಪಟ್ಟಣಕ್ಕೆ ಬಂತು. ಕೆಲಸ ಶುರುವಾಗಿ 17 ವರ್ಷವಾಗಿತ್ತು.

ಬಂದ ನೀರನ್ನು ತುಂಬಿಡಲು ಒಂದು ದೊಡ್ಡ ತೊಟ್ಟಿ ಬೇಕು. ಅದನ್ನು ಕಲ್ಲಿನ ಕಟ್ಟಡದೊಳಗೆ ಕಟ್ಟಿದರು. ಅದು ಪೂರ್ತಿಯಾಗುವಾಗ 1834 ಆಗಿತ್ತು. ಅದಕ್ಕೆ ಅವರು ಇಟ್ಟ ಹೆಸರು ಕೇಳಿ. "ಮಾಯ್ ದಾಗ್ವಾ". ಹಾಗೆಂದರೆ "ನೀರಿನ ತಾಯಿ".

ಆ ತೊಟ್ಟಿಯಲ್ಲಿ 55 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಒಂದು ಕೊಡಕ್ಕೆ 15 ಲೀಟರ್ ಅಂತ ಲೆಕ್ಕ ಹಾಕಿ. ಮೂರೂವರೆ ಲಕ್ಷ ಕೊಡಕ್ಕಿಂತ ಹೆಚ್ಚು!

ಅಲ್ಲಿಂದ ಪಟ್ಟಣದ ಬೇರೆ ಬೇರೆ ಕಡೆಗೆ ಕಾಲುವೆ ಹೋದವು. ಬೀದಿಗಳಲ್ಲಿ ಹೊಸ ನಲ್ಲಿಕಟ್ಟೆಗಳು ಎದ್ದವು. ಊಟೆಗಳಿಂದ ಬರುವ ಕಿರುಗಾಲುವೆ, ಪಟ್ಟಣದೊಳಗಿನ ಕಾಲುವೆ ಎಲ್ಲ ಸೇರಿ ಉದ್ದ 58 ಕಿಲೋಮೀಟರ್ ಆಯಿತು.

ನೆಲ ನಡುಗಿದ ದಿನ

ನೀರು ಬಂದು ಏಳು ವರ್ಷವಾಗಿತ್ತು. 1755ರ ನವೆಂಬರ್ 1. ಅಂದು ಅಲ್ಲಿ ದೊಡ್ಡ ಹಬ್ಬ. ಬೆಳಿಗ್ಗೆ ಜನ ಚರ್ಚುಗಳಲ್ಲಿ ಸೇರಿದ್ದರು.

ಆಗ ಭೂಮಿ ನಡುಗಿತು. ಮನೆಗಳು ಬಿದ್ದವು. ಚರ್ಚುಗಳು ಬಿದ್ದವು. ಅರಮನೆಯೂ ಉಳಿಯಲಿಲ್ಲ. ನಂತರ ಸಮುದ್ರ ಉಕ್ಕಿ ಪಟ್ಟಣಕ್ಕೆ ನುಗ್ಗಿತು. ಉಳಿದ ಮನೆಗಳಿಗೆ ಬೆಂಕಿ ಹತ್ತಿತು. ಬೆಂಕಿ ಹಲವು ದಿನ ಉರಿಯಿತು. ಸಾವಿರಾರು ಜನ ಸತ್ತರು.

ಹೊಗೆ ಇಳಿದ ಮೇಲೆ ನೋಡಿದರೆ, ಅಲ್ಕಾಂತರ ಕಣಿವೆಯ ಕಮಾನುಗಳು ನಿಂತೇ ಇದ್ದವು! ಅಷ್ಟು ಎತ್ತರದ ಕಲ್ಲಿನ ಸಾಲು ಬೀಳಲಿಲ್ಲ. ಮನೆ ಕಳೆದುಕೊಂಡವರಿಗೆ ನೀರಿನ ದಾರಿಯಾದರೂ ಉಳಿಯಿತು.

ಇಂಜಿನಿಯರ್ ಮಾನುಯೆಲ್ ದ ಮಾಯನಿಗೆ ಆಗ 78 ವರ್ಷ. ದೇಶದ ಹಳೆಯ ಕಾಗದಪತ್ರಗಳನ್ನು ಇಡುವ ಮನೆಯೂ ಅವನ ವಶದಲ್ಲಿತ್ತು. ಆ ಮನೆ ಕುಸಿಯಿತು. ಆ ಮುದುಕ ಕಾಗದಪತ್ರಗಳನ್ನು ಹಾಳಾಗಲು ಬಿಡದೆ ಉಳಿಸಿದ. ಪಟ್ಟಣವನ್ನು ಮತ್ತೆ ಕಟ್ಟುವ ಯೋಜನೆಯನ್ನೂ ಅವನೇ ಮುಂದೆ ನಿಂತು ಮಾಡಿದ. ನೀರು ತಂದವನು ಬರಹವನ್ನೂ ಉಳಿಸಿದ.

ನೀರು ಬಂತು, ಹೊರೆ ಇಳಿಯಿತೇ?

ನೀರು ಬೀದಿಯ ಕಟ್ಟೆಯವರೆಗೆ ಬಂತು. ಮನೆಯವರೆಗೆ ಬರಲಿಲ್ಲ. ಮಠಗಳಿಗೆ, ದೊಡ್ಡವರ ಮನೆಗಳಿಗೆ ಬೇರೆ ಕಾಲುವೆ ಇತ್ತು. ಉಳಿದವರು ಕಟ್ಟೆಗೇ ಹೋಗಬೇಕು.

ಕಟ್ಟೆಯಿಂದ ಮನೆಗೆ ನೀರು ಹೊತ್ತು ಮಾರುವುದೇ ಒಂದು ಕಸುಬಾಯಿತು. ಅದನ್ನು ಮಾಡಿದವರಲ್ಲಿ ಹೆಚ್ಚಿನವರು ಪಕ್ಕದ ಸ್ಪೇನ್ ದೇಶದ ಗಲೀಸಿಯ ಎಂಬ ಬಡ ಸೀಮೆಯಿಂದ ಕೆಲಸ ಹುಡುಕಿ ಬಂದ ಗಂಡಸರು. ಮರದ ಪೀಪಾಯಿ ಹೆಗಲ ಮೇಲೆ. ಬೀದಿ ಬೀದಿಯಲ್ಲಿ "ನೀರು, ನೀರು" ಎಂದು ಕೂಗಿ ಮಾರುತ್ತಿದ್ದರು. ಎಲ್ಲಾದರೂ ಬೆಂಕಿ ಬಿದ್ದರೆ ಪೀಪಾಯಿ ಸಮೇತ ಓಡಿ ಹೋಗಿ ಆರಿಸುವುದೂ ಅವರದೇ ಕೆಲಸ.

ಕೊಳ್ಳಲು ದುಡ್ಡಿಲ್ಲದ ಮನೆಗಳವರು ತಾವೇ ಹೊತ್ತರು.

ಬಟ್ಟೆ ಒಗೆಯುವ ಹೆಂಗಸರ ಕಥೆ ಇನ್ನೊಂದು. ಅವರು ಪಟ್ಟಣದ ಸುತ್ತಲಿನ ಹಳ್ಳಿಗಳವರು. ಪಟ್ಟಣದ ಮನೆಗಳಿಂದ ಕೊಳೆ ಬಟ್ಟೆ ಗಂಟು ಕಟ್ಟಿ ತಂದು, ಹಳ್ಳದಲ್ಲಿ ಒಗೆದು, ಒಣಗಿಸಿ ಮತ್ತೆ ಕೊಟ್ಟು ಬರುತ್ತಿದ್ದರು. ತಲೆಯ ಮೇಲೆ ಗಂಟು. ಇಲ್ಲವೇ ಕತ್ತೆಯ ಮೇಲೆ.

ಕಣಿವೆಯ ಕಮಾನುಗಳ ಮೇಲೆ ನೀರಿನ ಓಣಿಯ ಎರಡೂ ಹೊರಬದಿಗೆ ಕಾಲುದಾರಿ ಇತ್ತು. ಕಣಿವೆ ಇಳಿದು ಹತ್ತುವ ಕಷ್ಟ ಬೇಡವೆಂದು ಹಳ್ಳಿಯ ಜನ ಆ ದಾರಿಯಲ್ಲೇ ಪಟ್ಟಣಕ್ಕೆ ಬರುತ್ತಿದ್ದರು. 1830ರ ದಶಕದಲ್ಲಿ ಆ ದಾರಿಗೆ ಕೆಟ್ಟ ಹೆಸರು ಬಂತು. ದಿಯೋಗೊ ಆಲ್ವಿಸ್ ಎಂಬ ಕಳ್ಳ ಅಲ್ಲಿ ಕಾದು ಕೂತು, ಬಡವರ ಗಂಟು ಕಿತ್ತು, ಅವರನ್ನು ಮೇಲಿಂದ ತಳ್ಳುತ್ತಿದ್ದ ಎಂದು ಅಲ್ಲಿನ ಜನ ಈಗಲೂ ಹೇಳುತ್ತಾರೆ. ಬೇರೆ ಕೊಲೆಗಳಿಗಾಗಿ 1841ರಲ್ಲಿ ಅವನಿಗೆ ಗಲ್ಲಾಯಿತು. ಮುಂದೆ ಆ ಕಾಲುದಾರಿಯನ್ನೂ ಮುಚ್ಚಿದರು. ಹಳ್ಳಿಯವರು ಮತ್ತೆ ಕಣಿವೆ ಇಳಿದು ಹತ್ತಬೇಕಾಯಿತು.

ಕಲ್ಲಿನ ಮೇಲಿನ ಬರಹ

ಈಗ ಹಿಂದೆ ನೆನಪಿಡಿ ಅಂದ ಮಾತಿಗೆ ಬರೋಣ. ದುಡ್ಡು ಕೊಟ್ಟವರು ಯಾರು? ಜನ.

ನೀರು ಬಂದಾಗ ಪಟ್ಟಣದೊಳಗೆ ಒಂದು ದೊಡ್ಡ ಕಮಾನಿನ ಬಾಗಿಲು ಕಟ್ಟಿದರು. ಅದರ ಮೇಲೆ ಕಲ್ಲಿನಲ್ಲಿ ಬರಹ ಕೆತ್ತಿಸಿದರು. ರಾಜನ ಕಾಲದಲ್ಲಿ, ಲಿಸ್ಬನ್ನಿನ ಜನ ತಮ್ಮ ಖರ್ಚಿನಲ್ಲೇ ಈ ನೀರು ತಂದರು ಎಂದು ಅದರಲ್ಲಿತ್ತು. ಇದ್ದ ವಿಷಯವನ್ನೇ ಬರೆದಿದ್ದರು.

ಸುಮಾರು 25 ವರ್ಷ ಕಳೆಯಿತು. ಆಗ ದೇಶದ ಅಧಿಕಾರ ಪೊಂಬಾಲ್ ಎಂಬ ಮಂತ್ರಿಯ ಕೈಯಲ್ಲಿತ್ತು. ಅವನು ಆ ಬರಹವನ್ನು ಅಳಿಸಿಹಾಕಿಸಿದ. ಬೇರೆ ಬರಹ ಕೆತ್ತಿಸಿದ. ಹೊಸ ಬರಹದಲ್ಲಿ ರಾಜನ ಹೊಗಳಿಕೆ ಮುಂದೆ ಬಂತು. ಖರ್ಚಿನ ಮಾತು ಬಂತು, ಆದರೆ ಜನಕ್ಕೆ ಭಾರವಾಗದ ಖರ್ಚು ಎಂದಾಯಿತು. ತಮ್ಮ ದುಡ್ಡಿನಿಂದ ನೀರು ತಂದ ಜನ ಬರೀ ಚಪ್ಪಾಳೆ ತಟ್ಟಿದವರಾದರು.

ಆಗ ಲಿಸ್ಬನ್ನಿನಲ್ಲಿ ಹೆಚ್ಚಿನ ಜನಕ್ಕೆ ಓದು ಬರುತ್ತಿರಲಿಲ್ಲ. ಬರಹವೂ ಲ್ಯಾಟಿನ್ ಎಂಬ ಹಳೆಯ ಭಾಷೆಯಲ್ಲಿತ್ತು. ಎಣ್ಣೆಗೆ ತೆರಿಗೆ ಕೊಟ್ಟ ಹೆಂಗಸು ಆ ಬಾಗಿಲ ಕೆಳಗೆ ದಿನವೂ ಕೊಡ ಹೊತ್ತು ಓಡಾಡಿರಬಹುದು. ತಲೆಯ ಮೇಲೆ ತನ್ನ ಹೆಸರು ಇದ್ದದ್ದು ಅವಳಿಗೆ ಗೊತ್ತಾಗಲಿಲ್ಲ. ಅದನ್ನು ಅಳಿಸಿದ್ದೂ ಗೊತ್ತಾಗಲಿಲ್ಲ. ಓದಲು ಬಾರದವರ ಹೆಸರನ್ನು ಅಳಿಸುವುದು ಎಷ್ಟು ಸುಲಭ ನೋಡಿ.

ಹಾಗಾದರೆ ಹಳೆಯ ಬರಹದಲ್ಲಿ ಏನಿತ್ತು ಎಂದು ಇಂದು ನಮಗೆ ತಿಳಿದದ್ದು ಹೇಗೆ? ಅಳಿಸುವ ಮೊದಲು ಅದನ್ನು ಓದಿದವರು, ಬರೆದಿಟ್ಟುಕೊಂಡವರು ಇದ್ದರು. ಕಲ್ಲನ್ನು ಕೆತ್ತಿ ಅಳಿಸಬಹುದು. ಓದಿ ಬರೆದಿಟ್ಟದ್ದನ್ನು ಅಳಿಸುವುದು ಕಷ್ಟ.

ಈಗ ಹೇಗಿದೆ?

ಲಿಸ್ಬನ್ ಬೆಳೆಯಿತು. ಆ ನೀರು ಸಾಲದಾಯಿತು. ಬೇಸಿಗೆಯಲ್ಲಂತೂ ಕಟ್ಟೆಗಳು ಒಣಗುತ್ತಿದ್ದವು. 1880ರಲ್ಲಿ ಅಲ್ವಿಯೇಲ ಎಂಬ ನದಿಯ ನೀರನ್ನು ಇನ್ನೂ ದೂರದಿಂದ ತಂದರು. ಉಗಿಯ ಯಂತ್ರದಿಂದ ಅದನ್ನು ಮೇಲಕ್ಕೆತ್ತಿದರು. ನಿಧಾನವಾಗಿ ಮನೆ ಮನೆಗೆ ಕೊಳವೆ ಬಂತು. ನೀರು ಹೊತ್ತು ಮಾರುವವರು ಮರೆಯಾದರು.

ಹಳೆಯ ಕಾಲುವೆಯ ನೀರನ್ನು ಕುಡಿಯಲು ಬಳಸುವುದು 1960ರ ದಶಕದಲ್ಲಿ ನಿಂತಿತು. ಅಂದರೆ ಆ ಕಲ್ಲಿನ ದಾರಿ 200 ವರ್ಷಕ್ಕೂ ಹೆಚ್ಚು ಕಾಲ ದುಡಿಯಿತು. ಈಗ ಅದು ವಸ್ತು ಸಂಗ್ರಹಾಲಯದ ಭಾಗ. ಜನ ನೋಡಲು ಹೋಗುತ್ತಾರೆ. ಕಣಿವೆಯ ತಳದಲ್ಲಿ ರಸ್ತೆ, ರೈಲು ಓಡುತ್ತವೆ. ಮೇಲೆ ಕಮಾನುಗಳು ಸುಮ್ಮನೆ ನಿಂತಿವೆ.

ಅಕ್ಕಂದಿರೇ, ನಮ್ಮ ಊರಲ್ಲೂ ನೀರಿನ ಟ್ಯಾಂಕು ಇದೆ. ಕೊಳವೆಬಾವಿ ಇದೆ. ಅದರ ಗೋಡೆಯ ಮೇಲೆ ಬರಹ ಇರುತ್ತದೆ. ಯಾವ ಯೋಜನೆ, ಯಾವ ವರ್ಷ, ಎಷ್ಟು ರೂಪಾಯಿ, ಯಾರು ಉದ್ಘಾಟಿಸಿದರು ಎಂದು. ಇಷ್ಟು ದಿನ ಅದರ ಮುಂದೆ ಕೊಡ ಹೊತ್ತು ಹೋಗುತ್ತಿದ್ದಿರಿ. ನಾಳೆ ಒಂದು ಗಳಿಗೆ ನಿಲ್ಲಿ. ಅಕ್ಷರ ಕೂಡಿಸಿ ಓದಿ. ಬರೆದಷ್ಟು ಕೆಲಸ ಆಗಿದೆಯೇ ನೋಡಿ. ಆಗಿಲ್ಲದಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ.

ಅದು ನಿಮ್ಮ ದುಡ್ಡಿನ ನೀರು. ಕೇಳುವ ಹಕ್ಕು ನಿಮಗಿದೆ.

ಓದಿ, ಮಾತಾಡಿ

1. ನದಿ ಪಕ್ಕದಲ್ಲಿದ್ದರೂ ಲಿಸ್ಬನ್ನಿನ ಜನಕ್ಕೆ ಕುಡಿಯುವ ನೀರು ಏಕೆ ಇರಲಿಲ್ಲ?

2. ರಾಜನ ಕಟ್ಟೆಯ ಆರು ಬಾಯಿಗಳ ನಿಯಮ ಸರಿಯೇ? ನಿಮ್ಮ ಊರಿನ ಬಾವಿ, ನಲ್ಲಿಗಳಲ್ಲಿ ಎಲ್ಲರೂ ಒಟ್ಟಿಗೆ ನೀರು ತುಂಬುತ್ತಾರೆಯೇ?

3. ಹಳ್ಳಿಯ ಊಟೆಯ ನೀರು ಪಟ್ಟಣಕ್ಕೆ ಹೋಯಿತು. ಹಳ್ಳಿಯವರಿಗೆ ಅದರಲ್ಲಿ ಪಾಲು ಇರಬೇಕೇ? ಏಕೆ?

4. ನಿಮ್ಮ ಮನೆಗೆ ದಿನಕ್ಕೆ ಎಷ್ಟು ಕೊಡ ನೀರು ಬೇಕು? ಅದನ್ನು ತರಲು ಎಷ್ಟು ಹೊತ್ತು ಬೇಕು? ಲೆಕ್ಕ ಬರೆಯಿರಿ.

5. ನಿಮ್ಮ ಊರಿನ ನೀರಿನ ಟ್ಯಾಂಕಿನ ಮೇಲೆ ಏನು ಬರೆದಿದೆ? ಓದಿ ಬಂದು ಎಲ್ಲರಿಗೂ ಹೇಳಿ.